ಎರಡನೆಯ ಬಾಣ

ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಭಾಗದ ರೈತರು ನಮ್ಮಲ್ಲಿ ಹೇಳಿಕೊಳ್ಳುವ ತೊಂದರೆ ಹೆಚ್ಚಾಗಿ ಒಂದೇ: ನಿದ್ರೆ ಬರುವುದಿಲ್ಲ. ಹಗಲಿನಲ್ಲಿ ಬೆಲೆ ಕುಸಿದದ್ದು ಒಂದು ಸಲ. ರಾತ್ರಿ ಹಾಸಿಗೆಯಲ್ಲಿ ಅದೇ ಬೆಲೆ ನೂರು ಸಲ ಕುಸಿಯುತ್ತದೆ. ಹಿಂದೆ ನಾವು ಇಂಥವರಿಗೆ ಅಶ್ವಗಂಧ ಚೂರ್ಣ ಕೊಟ್ಟು ಕಳುಹಿಸುತ್ತಿದ್ದೆವು. ಈಗ ಬೌದ್ಧ ಮನಶ್ಶಾಸ್ತ್ರದ ಒಂದು ಮಾತನ್ನೂ ಹೇಳುತ್ತೇವೆ.

ಆ ಶಾಸ್ತ್ರದ ಅಧ್ಯಯನ ನಡೆಯುವ ಸ್ಥಳ ನಮಗೆ ದೂರವಲ್ಲ. 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿದರು. 1963ರಲ್ಲಿ ಪೆನೋರ್ ರಿಂಪೋಚೆಯವರು ಅಲ್ಲಿ ನಮ್ಡ್ರೋಲಿಂಗ್ ವಿಹಾರವನ್ನು ಸ್ಥಾಪಿಸಿದರು. ಸುವರ್ಣ ದೇವಾಲಯವನ್ನು ನೋಡಿಬಂದವರು ಬಹಳ. ಅಲ್ಲಿನ ಭಿಕ್ಷುಗಳು ಓದುವ ವಿದ್ಯೆಯನ್ನು ಅರಿತವರು ವಿರಳ.

ಆ ವಿದ್ಯೆಯ ಪ್ರಕಾರ ಮನಸ್ಸು ಒಂದು ಸ್ಥಿರ ವಸ್ತುವಲ್ಲ. ಕ್ಷಣಕ್ಷಣವೂ ಹುಟ್ಟಿ ಅಳಿಯುವ ಅರಿವಿನ ಪ್ರವಾಹ. ಅರಿವಿಗೆ ಚಿತ್ತವೆಂದೂ, ಅದರೊಡನೆ ಬರುವ ಶ್ರದ್ಧೆ, ಕ್ರೋಧ, ಲಜ್ಜೆ ಮೊದಲಾದವುಗಳಿಗೆ ಚೈತಸಿಕಗಳೆಂದೂ ಹೆಸರು. ಟಿಬೆಟ್ ಪರಂಪರೆ ಇಂಥ 51 ಚೈತಸಿಕಗಳನ್ನು ಎಣಿಸುತ್ತದೆ. ಬುದ್ಧನ ಉಪದೇಶದಲ್ಲಿ ಒಂದು ಉಪಮೆಯುಂಟು: ಬಾಣ ತಗುಲಿದವನಿಗೆ ದೇಹದ ನೋವು ತಪ್ಪದು, ಅದಕ್ಕಾಗಿ ಮನಸ್ಸು ಗೋಳಾಡುವುದು ತಾನೇ ಚುಚ್ಚಿಕೊಳ್ಳುವ ಎರಡನೆಯ ಬಾಣ. ಬೆಲೆ ಕುಸಿತ ಮೊದಲನೆಯದು. "ನನ್ನಿಂದ ಏನೂ ಆಗದು, ನಾನು ಕೆಟ್ಟೆ" ಎಂಬುದು ಎರಡನೆಯದು.

ಆಯುರ್ವೇದಕ್ಕೆ ಇದು ಅನ್ಯವಲ್ಲ. ವಾಗ್ಭಟನ ಅಷ್ಟಾಂಗಹೃದಯ ರಾಗಾದಿ ರೋಗಗಳನ್ನು ನೀಗಿದ ವೈದ್ಯನಿಗೆ ನಮಿಸಿಯೇ ಆರಂಭವಾಗುತ್ತದೆ. ಆ ಗ್ರಂಥ 11ನೆಯ ಶತಮಾನದಲ್ಲಿ ಟಿಬೆಟಿನ ಭಾಷೆಗೆ ಅನುವಾದಗೊಂಡಿತು. ಟಿಬೆಟಿನ ವೈದ್ಯವು ರಾಗದಿಂದ ವಾತ, ದ್ವೇಷದಿಂದ ಪಿತ್ತ, ಮೋಹದಿಂದ ಕಫ ಕೆರಳುವುದೆಂದು ಹೇಳುತ್ತದೆ. ಚರಕ ಸಂಹಿತೆಯೂ ಮನೋದೋಷಗಳಿಗೆ ಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳನ್ನೇ ಔಷಧವೆಂದು ವಿಧಿಸಿದೆ.

ಮಾಡಬೇಕಾದದ್ದು ಸರಳ. ನಿದ್ರೆ ಬಾರದಾಗ ಎದ್ದು ಕುಳಿತು ಹತ್ತು ಉಸಿರುಗಳನ್ನು ಎಣಿಸಬೇಕು. ನಡುವೆ ಬಂದ ಯೋಚನೆಯನ್ನು ಅಟ್ಟದೆ, "ಇದು ಭಯ", "ಇದು ಚಿಂತೆ" ಎಂದು ಹೆಸರಿಟ್ಟು ಮತ್ತೆ ಉಸಿರಿಗೆ ಮರಳಬೇಕು. "ನಾನು ಕೆಟ್ಟೆ" ಎನ್ನುವುದಕ್ಕೂ "ಕೆಟ್ಟೆನೆಂಬ ಯೋಚನೆ ಬಂದಿದೆ" ಎನ್ನುವುದಕ್ಕೂ ಬಹಳ ಅಂತರವಿದೆ. ಬಂದದ್ದು ಹೋಗಲೂ ಬಲ್ಲದು. ಇಷ್ಟಲಿಂಗದ ಮುಂದೆ ಕುಳಿತು, ಅಲೆದ ಮನವನ್ನು ಮರಳಿ ತಂದು ರೂಢಿಯಿರುವ ಓದುಗರಿಗೆ ಇದು ಕಷ್ಟವಾಗಲಾರದು.

ಇದರಿಂದ ಸಾಲ ತೀರದು. ಸಾಲದ ಲೆಕ್ಕವನ್ನು ಹಗಲಿನಲ್ಲಿ, ಮನೆಯವರೊಡನೆ ಕುಳಿತು ನೋಡಬೇಕು. ಎರಡು ವಾರವಾದರೂ ನಿದ್ರೆ, ಹಸಿವು ಮರಳದಿದ್ದರೆ ಮನೋವೈದ್ಯರನ್ನು ಕಾಣಬೇಕು. ಬದುಕು ಸಾಕೆಂಬ ಯೋಚನೆ ಒಮ್ಮೆ ಸುಳಿದರೂ ಒಂದು ದಿನವೂ ಕಾಯಬಾರದು. ಚೂರ್ಣವನ್ನೂ ಧ್ಯಾನವನ್ನೂ ನೆಚ್ಚಿ ಕೂರಬಾರದು. ಕೂಡಲೇ ಮನೆಯವರಿಗೆ ತಿಳಿಸಬೇಕು, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಬಾಣ ಕೀಳಲು ಇನ್ನೊಬ್ಬರ ಕೈ ಬೇಡುವುದರಲ್ಲಿ ನಾಚಿಕೆಯೇನೂ ಇಲ್ಲ.