ಮೊದಲಿನ ಚಿತ್ರ, ತಿದ್ದಿದ ಚಿತ್ರ

ಕೊಟ್ಟಿಗೆಹಾರದ ಕಾಫಿ ತೋಟವೊಂದರಲ್ಲಿ ವಿದ್ಯಾರ್ಥಿಯೊಬ್ಬನು ಎಲೆಯೊಂದನ್ನು ಮಗುಚಿ, ಅದರ ಅಡಿಭಾಗದ ಛಾಯಾಚಿತ್ರವನ್ನು ತೆಗೆದನೆಂದು ಭಾವಿಸೋಣ. ಎಲೆಯ ಮೇಲೆ ಕಿತ್ತಳೆ ಬಣ್ಣದ ಹುಡಿ ಮೆತ್ತಿದಂತೆ ಮಚ್ಚೆಗಳಿವೆ. ಇದು ಸಂಜೆಯ ಬಿಸಿಲಿನ ದೋಷವಿರಬೇಕೆಂದು ಬಗೆದ ಅವನು, ಗಣಕಯಂತ್ರದಲ್ಲಿ ಆ ಬಣ್ಣವನ್ನು ಹಸುರಿನತ್ತ ತಿರುಗಿಸಿದನು. ಚಿತ್ರವೇನೋ ಸೊಗಸಾಯಿತು. ಆದರೆ ಆ ಮಚ್ಚೆಗಳು ಎಲೆ ತುಕ್ಕು ರೋಗದ ಲಕ್ಷಣಗಳು! ತಿದ್ದಿದ ಚಿತ್ರವನ್ನು ನಂಬಿ ಬೆಳೆಗಾರನು ಸುಮ್ಮನಿದ್ದರೆ, ರೋಗವು ಗಿಡದಿಂದ ಗಿಡಕ್ಕೆ ಹರಡುವುದು. ಆದುದರಿಂದ ಚಿತ್ರವನ್ನು ತಿದ್ದುವವನು, ತಿದ್ದಿದ ಬಳಿಕ ಬದಲಾದುದೇನೆಂಬುದನ್ನು ಪರೀಕ್ಷಿಸಲೇಬೇಕು.

ಕಣ್ಣಿನಿಂದಲೇ ನೋಡಿ ತಿಳಿಯಬಾರದೇ ಎಂದು ವಾಚಕರು ಕೇಳಬಹುದು. ಒಂದು ಚಿತ್ರವನ್ನು ಕಂಡು, ಕ್ಷಣಕಾಲ ಬಿಟ್ಟು ಇನ್ನೊಂದನ್ನು ಕಂಡರೆ, ದೊಡ್ಡ ಬದಲಾವಣೆಯೂ ನಮ್ಮ ಗಮನಕ್ಕೆ ಬಾರದೆ ಹೋಗುವುದುಂಟು. ರೊನಾಲ್ಡ್ ರೆನ್ಸಿಂಕ್ ಮತ್ತು ಅವರ ಸಂಗಡಿಗರು 1997ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಎರಡು ಚಿತ್ರಗಳನ್ನು ಒಂದೇ ಸ್ಥಳದಲ್ಲಿ, ನಡುವೆ ಬಿಡುವಿಲ್ಲದೆ, ಒಂದಾದ ಮೇಲೊಂದರಂತೆ ತೋರಿಸಿದರೆ ಮಾತ್ರ ಬದಲಾದ ಭಾಗವು ಮಿಡಿದಂತೆ ಕಾಣುವುದು. 1930ರಲ್ಲಿ ಕ್ಲೈಡ್ ಟಾಂಬೋ ಪ್ಲೂಟೋವನ್ನು ಕಂಡುಹಿಡಿದುದು ಈ ಉಪಾಯದಿಂದಲೇ. ಆರು ದಿನಗಳ ಅಂತರದಲ್ಲಿ ತೆಗೆದ ಆಕಾಶದ ಎರಡು ಛಾಯಾಚಿತ್ರಗಳಲ್ಲಿ, ಒಂದು ಚುಕ್ಕೆ ಮಾತ್ರ ಅತ್ತಿತ್ತ ಜಿಗಿಯುತ್ತಿದ್ದಿತು.

ಗಣಕಯಂತ್ರವು ಇದಕ್ಕಿಂತಲೂ ಸರಳವಾದ ಮಾರ್ಗವನ್ನು ಹಿಡಿಯುತ್ತದೆ. ಅದು ಕಳೆಯುವ ಲೆಕ್ಕ. ಸಾಮಾನ್ಯವಾಗಿ ಚಿತ್ರದ ಪ್ರತಿಯೊಂದು ಬಿಂದುವಿನಲ್ಲಿಯೂ ಕೆಂಪು, ಹಸುರು, ನೀಲಿ ಬಣ್ಣಗಳ ಪ್ರಮಾಣವನ್ನು 0ಯಿಂದ 255ರವರೆಗಿನ ಸಂಖ್ಯೆಗಳಿಂದ ಸೂಚಿಸುವರು. ಮಚ್ಚೆಯ ಒಂದು ಬಿಂದು ಮೊದಲು 200, 120, 40 ಆಗಿದ್ದು, ತಿದ್ದಿದ ಬಳಿಕ 90, 130, 50 ಆಯಿತೆನ್ನೋಣ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಉಳಿಯುವುದು 110, 10, 10, ಎಂದರೆ ಕಡುಗೆಂಪು. ಬದಲಾಗದ ಬಿಂದುವಿನಲ್ಲಿ ಉಳಿಯುವುದು ಸೊನ್ನೆ, ಎಂದರೆ ಕಪ್ಪು. ಹೀಗೆ ಕತ್ತಲೆಯ ನಡುವೆ, ಅಳಿಸಿಹೋದ ಮಚ್ಚೆಗಳು ಮತ್ತೆ ಎದ್ದು ತೋರುವುವು. ಫೋಟೋಶಾಪ್, ಗಿಂಪ್ ಮೊದಲಾದ ತಂತ್ರಾಂಶಗಳಲ್ಲಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಪದರವಾಗಿಟ್ಟು, ಮೇಲಿನದಕ್ಕೆ ‘ಡಿಫರೆನ್ಸ್’ ಎಂಬ ವಿಧಾನವನ್ನು ಆರಿಸಿದರೆ ಈ ಲೆಕ್ಕವು ತಾನಾಗಿಯೇ ನಡೆಯುವುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಚಿತ್ರಗಳು ಒಂದು ಬಿಂದುವಿನಷ್ಟು ಜರುಗಿದರೂ ಎಲೆಯ ಅಂಚುಗಳೆಲ್ಲ ಬದಲಾದಂತೆ ಹೊಳೆಯುವುವು. ಜೆಪೆಗ್ ರೂಪದಲ್ಲಿ ಮತ್ತೆ ಉಳಿಸಿದ ಚಿತ್ರದಲ್ಲಿ, ಯಾರೂ ತಿದ್ದದಿದ್ದರೂ ಸಣ್ಣ ವ್ಯತ್ಯಾಸಗಳು ತಲೆದೋರುವುವು.

ಹೋಲಿಸಬೇಕಾದರೆ ಮೊದಲಿನ ಚಿತ್ರವು ಇರಲೇಬೇಕಷ್ಟೆ. ಫಿಲ್ಮಿನ ಕಾಲದಲ್ಲಿ ನೆಗೆಟಿವ್ ಭದ್ರವಾಗಿ ಉಳಿಯುತ್ತಿದ್ದಿತು. ಇಂದು ಅದೇ ಹೆಸರಿನಲ್ಲಿ ಉಳಿಸಿದೊಡನೆ ಹಳೆಯದು ಅಳಿದುಹೋಗಬಹುದು. ಆದುದರಿಂದ ಮೂಲವನ್ನು ಮುಟ್ಟದೆ, ಪ್ರತಿಯೊಂದನ್ನು ಮಾಡಿಕೊಂಡು, ಅದನ್ನೇ ತಿದ್ದುವುದು ಲೇಸು. ಬಾಳೆಹೊನ್ನೂರಿನ ಸಮೀಪದ ಕಾಫಿ ಸಂಶೋಧನಾ ಕೇಂದ್ರದ ತಜ್ಞರಿಗೆ ಎಲೆಯ ಚಿತ್ರವನ್ನು ಕಳುಹಿಸಬೇಕಾಗಿ ಬಂದಾಗ, ಅವರ ಉಪಯೋಗಕ್ಕೆ ಬರುವುದು ಸೊಗಸಾದ ಹಸುರೆಲೆಯಲ್ಲ, ಮಚ್ಚೆಗಳಿರುವ ಆ ಮೊದಲಿನ ಚಿತ್ರವೇ.