ಹಳೆಯ ಗಣಕಕ್ಕೆ ಕಾವಲಿನ ಕೆಲಸ

ಡಿಸೆಂಬರ್ ಕಳೆದ ಮೇಲೆ ಸುಳ್ಯದಿಂದ ಆಲೆಟ್ಟಿಯ ಕಡೆಗೆ ಹೋದರೆ ಮನೆಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತಿರುವುದನ್ನು ಕಾಣುತ್ತೀರಿ. ಹಣ್ಣಡಿಕೆ ಚಾಲಿಯಾಗಲು ಸುಮಾರು ನಲವತ್ತು ದಿನಗಳ ಬಿಸಿಲು ಬೇಕು. ಅಷ್ಟು ದಿನವೂ ಒಂದು ಕುಟುಂಬದ ವರ್ಷದ ಗಳಿಕೆ ಬಯಲಿನಲ್ಲಿ ಹರಡಿಕೊಂಡಿರುತ್ತದೆ. ರಾತ್ರಿ ಅದನ್ನು ಕಾಯುವವರು ಯಾರು? ನಾಯಿ ಇದೆ, ಮನೆಯ ಹಿರಿಯರ ತೆಳುನಿದ್ದೆ ಇದೆ. ಈಗ ಕ್ಯಾಮೆರಾವೂ ಬಂದಿದೆ. ಕ್ಯಾಮೆರಾ ಕೊಂಡರೆ ಚಿತ್ರವನ್ನು ದಾಖಲಿಸುವ ಪೆಟ್ಟಿಗೆಯನ್ನೂ ಕೊಳ್ಳಬೇಕು ಎನ್ನುತ್ತಾರೆ. ಆದರೆ ಮನೆಯ ಮೂಲೆಯಲ್ಲಿ, ಅಣ್ಣನೋ ಅಕ್ಕನೋ ಕಾಲೇಜಿಗೆ ಹೋಗುವಾಗ ತಂದ ಗಣಕಯಂತ್ರವೊಂದು ಬಟ್ಟೆ ಹೊದ್ದು ಕುಳಿತಿರುತ್ತದೆ. ಅದೇ ಈ ಕೆಲಸವನ್ನು ಮಾಡಲಾರದೇ?

ಮಾಡಬಲ್ಲದು. ಆದರೆ ಯಾವ ಕೆಲಸ ಹಗುರ, ಯಾವುದು ಭಾರ ಎಂದು ತಿಳಿದು ಹೊರಿಸಬೇಕು.

ಇಂಟೆಲ್ ಸಂಸ್ಥೆ 2007ರ ಜನವರಿಯಲ್ಲಿ ಹೊರತಂದ ಕೋರ್ 2 ಕ್ವಾಡ್ ಕ್ಯೂ6600 ಎಂಬ ಪ್ರೊಸೆಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರೊಸೆಸರ್ ಎಂದರೆ ಗಣಕದ ಲೆಕ್ಕವನ್ನೆಲ್ಲ ಮಾಡುವ ಸಂಸ್ಕಾರಕ. ಇದರೊಳಗೆ ನಾಲ್ಕು ಕೋರ್‌ಗಳು, ಅಂದರೆ ನಾಲ್ಕು ಸ್ವತಂತ್ರ ಲೆಕ್ಕಿಗರು. ಪ್ರತಿಯೊಬ್ಬನದೂ ಸೆಕೆಂಡಿಗೆ 240 ಕೋಟಿ ಮಿಡಿತಗಳ ವೇಗ. ಅಡಿಕೆ ಸುಲಿಯಲು ನಾಲ್ವರು ಕುಳಿತಂತೆ ಎಂದುಕೊಳ್ಳಿ. ನಾಲ್ಕು ರಾಶಿಗಳಿದ್ದರೆ ಒಬ್ಬೊಬ್ಬರಿಗೆ ಒಂದೊಂದು ರಾಶಿ. ಕೆಲಸ ತಾನಾಗಿಯೇ ಹಂಚಿಹೋಗುತ್ತದೆ. ಆದರೆ ಒಂದೇ ಅಡಿಕೆಯನ್ನು ನಾಲ್ವರೂ ಸೇರಿ ಸುಲಿಯಲಾಗದು. ಎಷ್ಟೋ ತಂತ್ರಾಂಶಗಳು ನಾಲ್ಕು ಕೋರ್‌ಗಳಿದ್ದರೂ ಚುರುಕಾಗದೇ ಇರುವುದಕ್ಕೆ ಇದೇ ಕಾರಣ. ಕ್ಯಾಮೆರಾ ಕಾವಲಿನಲ್ಲಿ ಮಾತ್ರ ರಾಶಿಗಳು ಮೊದಲೇ ಬೇರೆಬೇರೆಯಾಗಿವೆ. ಅಂಗಳದ ಕ್ಯಾಮೆರಾಕ್ಕೂ ಕೊಟ್ಟಿಗೆಯ ಕ್ಯಾಮೆರಾಕ್ಕೂ ಸಂಬಂಧವಿಲ್ಲ. ಜೋನ್‌ಮೈಂಡರ್ ಎಂಬ ಉಚಿತ ತಂತ್ರಾಂಶ ಪ್ರತಿ ಕ್ಯಾಮೆರಾಕ್ಕೂ ಪ್ರತ್ಯೇಕ ಪ್ರಕ್ರಿಯೆಯನ್ನೇ ಹೂಡುತ್ತದೆ. ಒಂಟಿ ಕೋರಿನ ಯಂತ್ರ ಏದುಸಿರು ಬಿಡುವಲ್ಲಿ ಈ ಹಳೆಯ ನಾಲ್ವರು ನಿಭಾಯಿಸಿಕೊಂಡು ಹೋಗುವುದು ಹೀಗೆ.

ಇನ್ನು ಕೆಲಸದ ಭಾರ ಎಲ್ಲಿದೆ ನೋಡೋಣ. ಈಗಿನ ಸಾಧಾರಣ ಕ್ಯಾಮೆರಾದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಒಂದೊಂದು ಚುಕ್ಕೆಯ ಬಣ್ಣಕ್ಕೆ 3 ಬೈಟ್ ಎಂದರೆ ಒಂದು ಚಿತ್ರಕ್ಕೆ 62 ಲಕ್ಷ ಬೈಟ್. ಸೆಕೆಂಡಿಗೆ 25 ಚಿತ್ರಗಳು (ಟೆಲಿವಿಷನ್ನಿನ ನಮಗೆ ಈ 25 ಬಹಳ ಹಳೆಯ ನಂಟು). ಗುಣಿಸಿದರೆ ಹದಿನೈದೂವರೆ ಕೋಟಿ ಬೈಟ್! ಇಷ್ಟನ್ನು ಕ್ಯಾಮೆರಾ ಹಾಗೆಯೇ ಕಳುಹಿಸುವುದಿಲ್ಲ. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಪದ್ಧತಿಯಂತೆ ಆಗಾಗ ಒಂದು ಪೂರ್ಣ ಚಿತ್ರವನ್ನು ಕಳುಹಿಸಿ, ನಡುವೆ ಬದಲಾದದ್ದನ್ನು ಮಾತ್ರ ತಿಳಿಸುತ್ತದೆ. ಆಗ ಸೆಕೆಂಡಿಗೆ ಎರಡೂವರೆ ಲಕ್ಷ ಬೈಟ್ ಸಾಕಾಗಬಹುದು. ಮೂಲದ ಆರುನೂರರಲ್ಲಿ ಒಂದು ಪಾಲು.

ಬಿಗಿದು ಕಟ್ಟಿದ ಈ ಗಂಟನ್ನು ಬಿಚ್ಚದೆ ಹಾಗೆಯೇ ಡಿಸ್ಕಿಗೆ ಇಳಿಸುವುದಾದರೆ ಪ್ರೊಸೆಸರಿಗೆ ಕೆಲಸವೇ ಇಲ್ಲವೆನ್ನಬಹುದು. ನಾಲ್ಕು ಕ್ಯಾಮೆರಾಗಳಿಂದ ಸೆಕೆಂಡಿಗೆ 10 ಲಕ್ಷ ಬೈಟ್ ಬಂದರೂ ಹಳೆಯ ಡಿಸ್ಕಿಗೆ ಅದು ಲೆಕ್ಕವಲ್ಲ. ಜಾಗದ ಲೆಕ್ಕ ಬೇರೆ: ಒಂದು ಕ್ಯಾಮೆರಾಕ್ಕೆ ದಿನಕ್ಕೆ 21.6 ಗಿಗಾಬೈಟ್, ನಾಲ್ಕಕ್ಕೆ 86.4. ಒಂದು ಟೆರಾಬೈಟಿನ ಡಿಸ್ಕು ಹನ್ನೊಂದು ದಿನಗಳಲ್ಲಿ ತುಂಬುತ್ತದೆ. ಆಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಂತೆ ಹೊಂದಿಸಬೇಕು.

ತೊಂದರೆ ಆರಂಭವಾಗುವುದು "ಏನಾದರೂ ಅಲುಗಿದರೆ ಎಚ್ಚರಿಸು" ಎಂದು ಗಣಕಕ್ಕೆ ಹೇಳಿದಾಗ. ಅಲುಗಾಟ ಕಾಣಬೇಕಾದರೆ ಗಂಟು ಬಿಚ್ಚಿ, ಚಿತ್ರವನ್ನು ಹಿಂದಿನದರೊಡನೆ ಚುಕ್ಕೆಚುಕ್ಕೆಯಾಗಿ ಹೋಲಿಸಬೇಕು. ಆಗ ನಾಲ್ಕು ಕೋರ್‌ಗಳೂ ಬಿಸಿಯೇರಿ ಪಂಖ ಕಿರುಚತೊಡಗುತ್ತದೆ. ಕೋರ್ 2 ಕ್ವಾಡಿಗೆ ಇನ್ನೂ ಒಂದು ಅಡಚಣೆ: ನಾಲ್ವರಿಗೂ ನೆನಪಿನ ಕೋಶಕ್ಕೆ ಹೋಗಿಬರಲು ಇರುವುದು ಒಂದೇ ಬಾಗಿಲು.

ಉಪಾಯ ಕ್ಯಾಮೆರಾದೊಳಗೇ ಇದೆ. ಹೆಚ್ಚಿನ ಜಾಲ ಕ್ಯಾಮೆರಾಗಳು ಏಕಕಾಲಕ್ಕೆ ಎರಡು ಪ್ರವಾಹಗಳನ್ನು ಕೊಡುತ್ತವೆ, ದೊಡ್ಡದೊಂದು, ಚಿಕ್ಕದೊಂದು. ದೊಡ್ಡದನ್ನು ಬಿಚ್ಚದೆ ದಾಖಲಿಸಿ, ಚಿಕ್ಕದನ್ನು ಬಿಚ್ಚಿ ನೋಡಿ. 640 ಕ್ಕೆ 360 ಚುಕ್ಕೆಗಳ ಚಿತ್ರ ದೊಡ್ಡದರ ಒಂಬತ್ತನೇ ಒಂದು ಪಾಲು. ಸೆಕೆಂಡಿಗೆ 25ರ ಬದಲು 5 ಚಿತ್ರಗಳಾದರೆ ಅದರ ಐದನೇ ಒಂದು ಪಾಲು. ನೋಡಬೇಕಾದ ಚುಕ್ಕೆಗಳು ನಲವತ್ತೈದನೇ ಒಂದು ಭಾಗಕ್ಕೆ ಇಳಿದವು! ಇಲ್ಲಿ ಹಲವರು ಎಡವುತ್ತಾರೆ. ಕ್ಯಾಮೆರಾ 25 ಕಳುಹಿಸುತ್ತಿರಲಿ, ತಂತ್ರಾಂಶ 5 ನೋಡಲಿ ಎಂದು ಹೊಂದಿಸುತ್ತಾರೆ. ಒಂದು ಚಿತ್ರ ಹಿಂದಿನ ಚಿತ್ರವನ್ನು ಅವಲಂಬಿಸಿರುವುದರಿಂದ ನಡುವಿನವನ್ನೂ ಬಿಚ್ಚಲೇಬೇಕಾಗುತ್ತದೆ, ಉಳಿತಾಯ ಅಲ್ಪ. ಸಂಖ್ಯೆಯನ್ನು ಕ್ಯಾಮೆರಾದಲ್ಲಿಯೇ ಇಳಿಸಬೇಕು. ಹಾಗೆಯೇ ಕ್ಯಾಮೆರಾವನ್ನು 2013ರ ಎಚ್.265 ಪದ್ಧತಿಗೆ ಬಿಡಬೇಡಿ. ಅದು ಡಿಸ್ಕಿನಲ್ಲಿ ಜಾಗ ಉಳಿಸುತ್ತದೆ, ನಿಜ. ಆದರೆ ಅದನ್ನು ಬಿಚ್ಚುವುದು ಹಳೆಯ ಯಂತ್ರಕ್ಕೆ ಬಹಳ ತ್ರಾಸ.

ಅಲುಗಾಟವೆಲ್ಲ ಕಳ್ಳನಲ್ಲ. ಅಡಿಕೆ ಸೋಗೆಯ ನೆರಳು, ಮಂಜು, ರಾತ್ರಿ ಅವಗೆಂಪು ದೀಪಕ್ಕೆ ಮುತ್ತುವ ಹುಳುಗಳು, ಆ ಹುಳುಗಳಿಗಾಗಿ ಕಣ್ಣಿನ ಮುಂದೆಯೇ ಬಲೆ ಕಟ್ಟುವ ಜೇಡ, ಎಲ್ಲವೂ ಎಚ್ಚರಿಕೆಯ ಗಂಟೆ ಬಾರಿಸುತ್ತವೆ. ಅಂಗಳವನ್ನಷ್ಟೇ ಗಮನಿಸುವಂತೆ ಚಿತ್ರದಲ್ಲಿ ವಲಯ ಗುರುತಿಸಿದರೆ ಅರ್ಧ ಕಾಟ ತಪ್ಪುತ್ತದೆ. ಮನುಷ್ಯನೋ ನಾಯಿಯೋ ಗಡಿಯ ಕಾಡಿನಿಂದ ತೋಟಕ್ಕಿಳಿದ ಆನೆಯೋ ಎಂದು ಗುರುತಿಸುವ ತಂತ್ರಾಂಶಗಳೂ ಇವೆ. ಆದರೆ ಅವುಗಳಲ್ಲಿ ಹಲವಕ್ಕೆ ಎವಿಎಕ್ಸ್ ಎಂಬ ಆದೇಶಗಳ ಗುಂಪು ಬೇಕು. ಅದು ಇಂಟೆಲ್ ಪ್ರೊಸೆಸರುಗಳಿಗೆ ಬಂದದ್ದು 2011ರಲ್ಲಿ. 2007ರ ಯಂತ್ರದಲ್ಲಿ ಅಂಥ ತಂತ್ರಾಂಶ ನಿಧಾನವಾಗುವುದಲ್ಲ, ಏಳುವುದೇ ಇಲ್ಲ. ಕೋರ್‌ಗಳೆಷ್ಟು ಎಂದು ಎಣಿಸಿದಂತೆ ಯಂತ್ರ ಯಾವ ವರ್ಷದ್ದೆಂದೂ ನೋಡಬೇಕು.

ಮನೆ ಕಾಯುವ ಯಂತ್ರವೇ ಕಳ್ಳನಿಗೆ ಕಿಟಕಿಯಾಗಬಾರದಷ್ಟೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ ಮತ್ತಿತರ ಸಾಧನಗಳನ್ನು ವಶಪಡಿಸಿಕೊಂಡು ಅಂತರಜಾಲದ ದೊಡ್ಡ ತಾಣಗಳನ್ನೇ ಕೆಡವಿತು. ಆದ್ದರಿಂದ ಗುಪ್ತಪದ ಬದಲಿಸಿ. ಕ್ಯಾಮೆರಾಗಳನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡಬೇಡಿ. ಹಳೆಯ ಗಣಕದಲ್ಲಿ ವಿಂಡೋಸ್ 7 ಇದ್ದರೆ ತೆಗೆದು ಲಿನಕ್ಸ್ ಹಾಕಿ. ಅದಕ್ಕೆ ಸಾಮಾನ್ಯ ಬಳಕೆದಾರರ ಸುರಕ್ಷತಾ ದುರಸ್ತಿ 2020ರ ಜನವರಿ 14ಕ್ಕೇ ನಿಂತಿದೆ. ಪಕ್ಕದ ಮನೆಯ ಬಾಗಿಲು ಚಿತ್ರದೊಳಗೆ ಬರುತ್ತಿದ್ದರೆ ಕ್ಯಾಮೆರಾವನ್ನು ತಿರುಗಿಸಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಕೊನೆಗೆ ವಿದ್ಯುತ್ತು. ಕ್ಯೂ6600ರ ಮೊದಲ ಆವೃತ್ತಿಗೆ ಗುರುತಿಸಿದ ಉಷ್ಣಮಿತಿಯೇ 105 ವ್ಯಾಟ್. ಇಡೀ ಯಂತ್ರ ಸರಾಸರಿ 100 ವ್ಯಾಟ್ ಎಳೆಯುತ್ತದೆಂದರೂ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಾಗ, ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಇಡೀ ಬಿಲ್ಲು ತೆರಬೇಕೆಂಬ ನಿಯಮದೊಂದಿಗೇ ಬಂತು. ಬಿಟ್ಟಿ ಸಿಕ್ಕ ಗಣಕ ಮನೆಯನ್ನು ಆ ಗೆರೆ ದಾಟಿಸಿದರೆ, 10 ವ್ಯಾಟಿನಲ್ಲಿ ನಡೆಯುವ ಚಿಕ್ಕ ಹೊಸ ಯಂತ್ರವೇ ಅಗ್ಗವೆನಿಸೀತು. ವರ್ಷವಿಡೀ ಕಾವಲು ಬೇಕೆನ್ನುವವರು ಈ ಲೆಕ್ಕವನ್ನು ಮೊದಲೇ ಮಾಡುವುದು ಒಳ್ಳೆಯದು. ಅಂಗಳದಲ್ಲಿ ಅಡಿಕೆ ಇರುವ ತಿಂಗಳುಗಳಿಗಷ್ಟೇ ಸಾಕೆನ್ನುವವರಿಗೆ ಹಳೆಯದೇ ಆದೀತು. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಕೇಳಿಸಿದೊಡನೆ ಮಾತ್ರ ಕ್ಯಾಮೆರಾದ ತಂತಿಯನ್ನೂ ವಿದ್ಯುತ್ತಿನ ತಂತಿಯನ್ನೂ ಕಳಚಿಡಿ. ಅಂಗಳದುದ್ದಕ್ಕೂ ಎಳೆದ ತಾಮ್ರದ ತಂತಿ ಚಿತ್ರವನ್ನು ತರುವ ದಾರಿಯಲ್ಲಿಯೇ ಸಿಡಿಲನ್ನೂ ಮನೆಯೊಳಗೆ ತರುತ್ತದೆ.