ಡಾರ್ಕ್ ಚಾಕೊಲೇಟ್ ಮತ್ತು ಚಹಾ: ಉತ್ಕರ್ಷಣ ನಿರೋಧಕಗಳ ಹೋಲಿಕೆ

ಬಹುಕಾಲ ಗಾಳಿಗೆ ತೆರೆದಿಟ್ಟ ಎಣ್ಣೆಯು ಕಮಟು ವಾಸನೆ ಹಿಡಿಯುತ್ತದೆ. ಆಮ್ಲಜನಕದೊಡನೆ ನಡೆಯುವ ಈ ಕ್ರಿಯೆಯೇ ಉತ್ಕರ್ಷಣ. ದೇಹದ ಜೀವಕೋಶಗಳಲ್ಲಿಯೂ ಅದು ಸದಾ ನಡೆಯುತ್ತಿರುತ್ತದೆ. ಅದನ್ನು ತಡೆಯುವ ಅಥವಾ ನಿಧಾನಗೊಳಿಸುವ ಪದಾರ್ಥಗಳೇ ಉತ್ಕರ್ಷಣ ನಿರೋಧಕಗಳು. ಚಹಾದ ಎಲೆ ಮತ್ತು ಚಾಕೊಲೇಟಿನ ಮೂಲವಾದ ಕೋಕೋ ಬೀಜ ಎರಡರಲ್ಲಿಯೂ ಪಾಲಿಫಿನಾಲ್ ಗುಂಪಿನ ನಿರೋಧಕಗಳಿವೆ. ಇವುಗಳ ಒಗರಿಗೂ ಅವೇ ಮುಖ್ಯ ಕಾರಣ.

ಗಡಹಿಂಗ್ಲಜ ಪರಿಸರದ ಮನೆಗಳಲ್ಲಿ ಚಹಾ ನಿತ್ಯದ ಪಾನೀಯ. ಚಾಕೊಲೇಟ್ ಅಪರೂಪದ ತಿನಿಸು. ‘ಎರಡರಲ್ಲಿ ಯಾವುದು ಮೇಲು?’ ಎಂದು ವಿದ್ಯಾರ್ಥಿಗಳು ಕೇಳಿದಾಗ, ‘ಯಾವ ಅಳತೆಯಲ್ಲಿ?’ ಎಂಬ ಮರುಪ್ರಶ್ನೆಯಿಂದ ಪಾಠವನ್ನು ಆರಂಭಿಸಬಹುದು.

2003ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಬಟ್ಟಲಿಗೆ ದೊರೆತ ಫಿನಾಲ್ ಪ್ರಮಾಣ (ಗ್ಯಾಲಿಕ್ ಆಮ್ಲಕ್ಕೆ ಸಮಾನವಾಗಿ) ಹೀಗಿತ್ತು:

ಕೋಕೋ – 611 ಮಿ.ಗ್ರಾಂ.
ಹಸಿರು ಚಹಾ – 165 ಮಿ.ಗ್ರಾಂ.
ಕಪ್ಪು ಚಹಾ – 124 ಮಿ.ಗ್ರಾಂ.

ಕೋಕೋ ಬಹಳ ಮುಂದಿರುವಂತೆ ಕಾಣುತ್ತದೆ. ಆದರೆ ಕೋಕೋದ ಬಟ್ಟಲಿಗೆ 7.3 ಗ್ರಾಂ ಪುಡಿಯನ್ನೂ, ಚಹಾದ ಬಟ್ಟಲಿಗೆ ಕೇವಲ 2 ಗ್ರಾಂ ಪುಡಿಯನ್ನೂ ಬಳಸಲಾಗಿತ್ತು. ಭಾಗಾಕಾರ ಮಾಡಿದರೆ ಪ್ರತಿ ಗ್ರಾಂಗೆ ಕೋಕೋದಲ್ಲಿ ಸುಮಾರು 84, ಹಸಿರು ಚಹಾದಲ್ಲಿ 82, ಕಪ್ಪು ಚಹಾದಲ್ಲಿ 62 ಮಿ.ಗ್ರಾಂ. ಆಗುತ್ತದೆ. ಅಳತೆ ಬದಲಾದೊಡನೆ ಅಂತರವು ಬಹುಮಟ್ಟಿಗೆ ಕರಗಿಹೋಗುತ್ತದೆ.

ಇದಲ್ಲದೆ, ಆ ಪರೀಕ್ಷೆಗೊಳಪಟ್ಟದ್ದು ಕೋಕೋ ಪುಡಿಯೇ ಹೊರತು ಚಾಕೊಲೇಟ್ ಅಲ್ಲ. ಡಾರ್ಕ್ ಚಾಕೊಲೇಟಿನಲ್ಲಿ ಸಕ್ಕರೆಯೂ ಕೊಬ್ಬೂ ಸೇರಿರುತ್ತವೆ. ಕೋಕೋವನ್ನು ಕ್ಷಾರದಿಂದ ಸಂಸ್ಕರಿಸಿದರೆ ನಿರೋಧಕಗಳು ಕಡಿಮೆಯಾಗುತ್ತವೆ. ಪ್ರಯೋಗಾಲಯದಲ್ಲಿ ಅಳೆದ ಶಕ್ತಿಯೆಲ್ಲವೂ ದೇಹದಲ್ಲಿ ಪ್ರಕಟವಾಗುವುದೂ ಇಲ್ಲ. ಈ ಕಾರಣದಿಂದಲೇ ಅಮೆರಿಕದ ಕೃಷಿ ಇಲಾಖೆಯು ಆಹಾರಗಳ ಇಂತಹ ಅಂಕಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು.

ಪಾಲಿಫಿನಾಲ್‌ಗಳಿಗೆ ಇನ್ನೊಂದು ಗುಣವಿದೆ. ಅವು ರೊಟ್ಟಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ಜಠರ ಮತ್ತು ಕರುಳಿನಲ್ಲಿ ಹಿಡಿದಿಟ್ಟು, ರಕ್ತಕ್ಕೆ ಸೇರದಂತೆ ಮಾಡುತ್ತವೆ. ರಕ್ತಹೀನತೆಯಿರುವ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ನೀಡುವ ಕಬ್ಬಿಣಾಂಶದ ಗುಳಿಗೆಯನ್ನು ಚಹಾದೊಡನೆ ಸೇವಿಸಬಾರದು. ಊಟಕ್ಕೂ ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆಯ ಅಂತರವಿರಬೇಕು. ಊಟದೊಡನೆ ಲಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶವು ಹೆಚ್ಚು ಹೀರಲ್ಪಡುತ್ತದೆ.

ಚಟುವಟಿಕೆ: ಕಬ್ಬಿಣದ ಮೊಳೆಗಳನ್ನು ಎರಡು ದಿನ ವಿನೆಗರ್‌ನಲ್ಲಿ ನೆನೆಯಿಡಿರಿ. ಆ ದ್ರಾವಣದ ಕೆಲವು ಹನಿಗಳನ್ನು ಹಾಲು ಹಾಕದ ಚಹಾಕ್ಕೆ ಸೇರಿಸಿರಿ. ಚಹಾ ಶಾಯಿಯಂತೆ ಕಪ್ಪಾಗುತ್ತದೆ. ಪಾಲಿಫಿನಾಲ್ ಕಬ್ಬಿಣವನ್ನು ಹಿಡಿದುದರ ಗುರುತು ಇದು. ಈ ಮಿಶ್ರಣವನ್ನು ಯಾರೂ ಕುಡಿಯದಂತೆ ಎಚ್ಚರ ವಹಿಸಿರಿ.

ಚರ್ಚೆಗಾಗಿ:
1. ಬಟ್ಟಲಿನ ಅಳತೆ, ಗ್ರಾಂನ ಅಳತೆ – ಜಾಹೀರಾತುದಾರರು ಯಾವುದನ್ನು ಆರಿಸಿಕೊಳ್ಳಬಹುದು? ಏಕೆ?
2. ನಿಮ್ಮ ಮನೆಯಲ್ಲಿ ಚಹಾ ಕುಡಿಯುವ ಹೊತ್ತು ಯಾವುದು? ಅದನ್ನು ಬದಲಿಸುವ ಅಗತ್ಯವಿದೆಯೇ?